ಎಂಟು ಸಿಲಿಂಡರಿನ ಸದ್ದು

ಫೋನಿನಲ್ಲಿ ಕನ್ನಡ ಒತ್ತುವುದನ್ನು ನಾನು ಕಲಿತದ್ದು ನಮ್ಮ ಮನೆಯವರ ಕಿವಿ ಹೋದ ಮೇಲೆ. ಹುಬ್ಬಳ್ಳಿಯ ಡಾಕ್ಟರು ನರ ಒಣಗಿದೆ, ಇನ್ನು ಬರುವುದಿಲ್ಲ ಎಂದು ಹೇಳಿ ಕಿವಿಗೆ ಹಾಕುವ ಮಶೀನು ಕೊಟ್ಟರು. ಅದನ್ನು ಹಾಕಿಕೊಂಡರೆ ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಕೇಳುತ್ತದೆ ಎಂದು ಇವರು ನಾಲ್ಕೇ ದಿನಕ್ಕೆ ಬಿಚ್ಚಿ ಟ್ರಂಕಿನಲ್ಲಿಟ್ಟರು. ನಾನು ಎಷ್ಟು ಅಂತ ಕಿರುಚಲಿ? ನಮ್ಮ ಮನೆಯ ಮಾತೆಲ್ಲ ಬಾಜು ಮನೆಯವರಿಗೆ ಕೇಳತೊಡಗಿತ್ತು, ಇವರಿಗೊಬ್ಬರಿಗೆ ಬಿಟ್ಟು. ಮೊಮ್ಮಗಳು ಬಂದಾಗ ಅಕ್ಷರ ದೊಡ್ಡದು ಮಾಡಿಕೊಟ್ಟು, ಒತ್ತಕ್ಷರ ಹಾಕುವುದು ಹೇಗೆಂದು ತೋರಿಸಿ ಹೋದಳು. ಅಂದಿನಿಂದ ನಾನು ಬರೆದು ತೋರಿಸುವುದು, ಅವರು ಓದಿ ಬಾಯಲ್ಲಿ ಉತ್ತರ ಹೇಳುವುದು.

ಮೊದಮೊದಲು ನನಗೆ ಅದೊಂದು ಆಟವೇ ಆಗಿತ್ತು. ಎದುರು ಮನೆಯವಳು ನಿಮ್ಮ ಮೀಸೆ ಹೊಗಳಿದಳು ಎಂದು ಬರೆದೆ. ಎರಡು ದಿನ ಕನ್ನಡಿ ಬಿಟ್ಟು ಸರಿಯಲಿಲ್ಲ. ಆಮೇಲೆ ಆಕೆ ಊರಲ್ಲೇ ಇಲ್ಲವೆಂದು ಗೊತ್ತಾಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಅಣ್ಣಿಗೇರಿಯಲ್ಲಿ ಗದಗ ರಸ್ತೆಯ ಬದಿಗೆ ಅವರದೊಂದು ತಗಡಿನ ಶೆಡ್ಡು. ಟ್ರ್ಯಾಕ್ಟರು, ನೀರೆತ್ತುವ ಡೀಸೆಲ್ ಇಂಜಿನ್ನು, ಹೊಟ್ಟು ತೂರುವ ಮಶೀನು, ಎಲ್ಲ ಅಲ್ಲಿಗೇ ಬರುತ್ತಿದ್ದವು. ಇವರ ಕಸಬಿನ ರೀತಿಯೇ ಬೇರೆ. ನಟ್ಟು ಬಿಚ್ಚುವ ಪಾನಾ ಮುಟ್ಟುವ ಮೊದಲು ಒಂದು ಜಾಲಿ ಕಟ್ಟಿಗೆ ತೆಗೆದುಕೊಳ್ಳುತ್ತಿದ್ದರು. ಮೊಳದುದ್ದದ ಕಟ್ಟಿಗೆ. ಒಂದು ತುದಿಯನ್ನು ನಡೆಯುತ್ತಿರುವ ಇಂಜಿನ್ನಿಗೆ ಊರಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸದ್ದು ಹಲ್ಲಿನಿಂದ ತಲೆಗೆ ಏರುತ್ತದೆ, ಸುತ್ತಲಿನ ಗದ್ದಲ ನಡುವೆ ಬರುವುದಿಲ್ಲ ಎನ್ನುತ್ತಿದ್ದರು. ಹಾಗೆ ನಿಂತು, ಬೇರಿಂಗ್ ಹೋಗಿದೆಯೋ ವಾಲ್ವ್ ಸಡಿಲಾಗಿದೆಯೋ ಹೇಳಿಬಿಡುತ್ತಿದ್ದರು. ಬಿಚ್ಚಿ ನೋಡಿದರೆ ಅದೇ ಇರುತ್ತಿತ್ತು.

ಕಿವಿ ಹೋದ ಮೇಲೂ ಶೆಡ್ಡಿಗೆ ಹೋಗುವುದನ್ನು ಬಿಡಲಿಲ್ಲ. ಕಿವಿ ಹೋದರೇನು, ಹಲ್ಲಿದೆಯಲ್ಲ ಎಂಬ ಧೈರ್ಯ. ಆದರೆ ಒಂದು ಸಲ ಒಬ್ಬರ ಟ್ರ್ಯಾಕ್ಟರಿನ ಕೆಟ್ಟ ಇಂಜಿನ್ನನ್ನು ಸರಿ ಇದೆ ಎಂದು ಕಳಿಸಿದರು. ಅದು ಬಿತ್ತನೆಯ ಹೊತ್ತಿಗೆ ಹೊಲದ ನಡುವೆ ನಿಂತಿತು. ಆ ರೈತ ಜಗಳಾಡಲಿಲ್ಲ. ಮುಂದೆ ಬರುವುದನ್ನು ಬಿಟ್ಟ, ಅಷ್ಟೇ. ಇವರು ಊಟದ ಮುಂದೆ ಕೂತು, ಬರೇ ನಡುಕ ಬರುತ್ತದೆ, ಸದ್ದು ಬರುವುದಿಲ್ಲ ಎಂದು ನನಗೊಬ್ಬಳಿಗೆ ಹೇಳಿದರು.

ಅದೇ ಹೊತ್ತಿಗೆ ನನ್ನ ತಂಗಿಯ ಮಗ ಫೋನ್ ಮಾಡಿದ. ಹುಬ್ಬಳ್ಳಿಯಲ್ಲಿ ಒಬ್ಬ ಸಾಹುಕಾರರ ಕಾರು ನಡೆಸುತ್ತಾನೆ. ಸಾಹುಕಾರರು ಹೊಸದೊಂದು ದೊಡ್ಡ ಗಾಡಿ ತಂದಿದ್ದಾರೆ, ಅಣ್ಣಿಗೇರಿಗೆ ಒಂದು ಮದುವೆಗೆ ಬರುತ್ತಾರೆ, ಅವರು ಊಟ ಮುಗಿಸುವುದರೊಳಗೆ ಗಾಡಿ ದೊಡ್ಡಪ್ಪನಿಗೆ ತೋರಿಸಿ ಹೋಗುತ್ತೇನೆ ಎಂದ. ಗಾಡಿಯ ವಿವರವನ್ನೂ ಕಳಿಸಿದ. ಅದು ಇಂಗ್ಲಿಷಿನಲ್ಲಿತ್ತು. ಅವನಿಗೆ ಮತ್ತೆ ಫೋನ್ ಹಚ್ಚಿ, ಒಂದೊಂದೇ ಕೇಳಿ, ಒಂದೇ ಬೆರಳಿನಿಂದ ಕನ್ನಡದಲ್ಲಿ ಒತ್ತಿದೆ. ನಾಲ್ಕು ಲೀಟರಿನ ಪೆಟ್ರೋಲ್ ಇಂಜಿನ್ನು. ಎಂಟು ಸಿಲಿಂಡರು, ಈ ಕಡೆ ನಾಲ್ಕು, ಆ ಕಡೆ ನಾಲ್ಕು, ಓರೆಯಾಗಿ. ಎರಡು ಟರ್ಬೊ. ಆರುನೂರು ಕುದುರೆ ಬಲ. ನಾಲ್ಕೂ ಗಾಲಿಗೆ ಎಳೆತ. ಗೇರು ತಾನೇ ಬೀಳುತ್ತದೆ. ನಿಂತಲ್ಲಿಂದ ನೂರರ ವೇಗಕ್ಕೆ ನಾಲ್ಕು ಸೆಕೆಂಡು ಸಾಕು. ರಸ್ತೆ ಕೆಟ್ಟಿದ್ದರೆ ಗಾಡಿ ತಾನೇ ಮೈ ಎತ್ತಿಕೊಳ್ಳುತ್ತದೆ. ಜೋರು ಬೇಡವಾದಾಗ ನಾಲ್ಕು ಸಿಲಿಂಡರು ಮಲಗಿಬಿಡುತ್ತವೆ.

ಇವರು ಓದಿದರು, ಮತ್ತೆ ಓದಿದರು. ನಮ್ಮ ಕಡೆಯ ಟ್ರ್ಯಾಕ್ಟರಿಗೆ ಮೂವತ್ತೈದು ಕುದುರೆ ಎಂದರೆ ಇದರಲ್ಲಿ ಹದಿನೇಳು ಟ್ರ್ಯಾಕ್ಟರು ಕೂತಿವೆ ಎಂದು ಲೆಕ್ಕ ಹಾಕಿದರು. ಮಲಗಿದ ಸಿಲಿಂಡರನ್ನು ಎಬ್ಬಿಸುವವರು ಯಾರು ಎಂದು ಕೇಳಿದರು. ನಿಮ್ಮ ಹಾಗೆ ಚಹಾದ ವಾಸನೆ ಬಂದರೆ ಏಳುತ್ತವೆ ಎಂದು ಬರೆದೆ. ಆ ಸಲ ನಗಲಿಲ್ಲ.

"ಇಷ್ಟ್ ದೊಡ್ಡ ಇಂಜಿನ್ ಐತಿ," ಎಂದರು. "ಇದರ ಸದ್ದು ಹಲ್ಲಿಗೆ ಬಂತಂದ್ರ ನಾ ಇನ್ನೂ ಕೆಲಸಕ್ಕ ಬರ್ತೀನಿ. ಇದೂ ಬರಲಿಲ್ಲಂದ್ರ ಶೆಡ್ ಬಂದ್ ಮಾಡೂಣು."

ಅವರ ಆಸೆಯ ತಪ್ಪು ನನಗೆ ಆಗ ತಿಳಿಯಲಿಲ್ಲ, ಅವರಿಗೂ ತಿಳಿದಿರಲಿಲ್ಲ. ನಮ್ಮ ಕಡೆ ಬಲ ಇದ್ದ ಇಂಜಿನ್ನು ಎಂದರೆ ಗದ್ದಲ ಮಾಡುವ ಇಂಜಿನ್ನು. ಓಣಿಯ ಆ ತುದಿಗೆ ಟ್ರ್ಯಾಕ್ಟರು ಚಾಲೂ ಆದರೆ ಈ ತುದಿಯ ಮನೆಯಲ್ಲಿ ಪಾತ್ರೆ ಅಲುಗುತ್ತದೆ. ಆರುನೂರು ಕುದುರೆಯ ಬಲವನ್ನು ಸದ್ದಾಗದ ಹಾಗೆ ಮುಚ್ಚಿಡುವುದಕ್ಕೇ ಜನ ಅಷ್ಟು ಖರ್ಚು ಮಾಡುತ್ತಾರೆಂದು ಯಾರಿಗೆ ಗೊತ್ತಿತ್ತು?

ಮದುವೆಯ ದಿನ ಮಧ್ಯಾಹ್ನ ಗಾಡಿ ಶೆಡ್ಡಿನ ಮುಂದೆ ಬಂದು ನಿಂತಿತು. ಕರ್ರಗೆ, ಎಮ್ಮೆಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಇವರು ಒಗೆದ ಅಂಗಿ ಹಾಕಿಕೊಂಡು ಕಾಯುತ್ತಿದ್ದರು. ತಂಗಿಯ ಮಗ ಬಾನೆಟ್ ಎತ್ತಿದರೆ ಒಳಗೆ ಇಂಜಿನ್ನೇ ಕಾಣಲಿಲ್ಲ. ಎಲ್ಲೆಲ್ಲೂ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳ. ಇವರು ಅದನ್ನು ತೆಗೆಯಲು ಹೇಳಿದರು. ಅವನು ಅಂಜುತ್ತ ಮೇಲಿನದೊಂದನ್ನು ಎತ್ತಿಟ್ಟು, ಒಳಗೆ ಕೂತು ಗುಂಡಿ ಒತ್ತಿದ. ಒಂದು ಸಲ ಗುರ್ ಎಂದು, ಆಮೇಲೆ ನಿದ್ದೆ ಮಾಡುವ ಬೆಕ್ಕಿನಷ್ಟು ಸದ್ದು. ಒಳ್ಳೆಯ ಕಿವಿಯ ನಾನೇ ಹತ್ತಿರ ಹೋಗಬೇಕಾಯಿತು. ಗಾಡಿಯ ಮೇಲೆ ಕೈ ಇಟ್ಟರೂ ನಡುಕ ಗೊತ್ತಾಗುತ್ತಿರಲಿಲ್ಲ.

ಇವರು ಕಟ್ಟಿಗೆಯ ತುದಿಯನ್ನು ಸಂದಿಯಲ್ಲಿ ಇಳಿಸಿ, ಇಂಜಿನ್ನಿನ ಮೈಗೆ ಊರಿ, ಇನ್ನೊಂದು ತುದಿಯನ್ನು ಕಚ್ಚಿ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ತಲೆ ಅಲ್ಲಾಡಿಸಿದರು. ಜಾಗ ಬದಲಿಸಿದರು. ಮತ್ತೆ ತಲೆ ಅಲ್ಲಾಡಿಸಿದರು. ಬಾಗಿ ಬಾಗಿ ಮುಖ ಕೆಂಪಾಗಿತ್ತು.

ಅಷ್ಟರಲ್ಲಿ ತಂಗಿಯ ಮಗನಿಗೆ ಸಾಹುಕಾರರ ಫೋನ್ ಬಂತು. ಫೋನು ಗಾಡಿಗೆ ಜೋಡಿಸಿದ್ದರಿಂದ ಮಾತು ಕಾರಿನ ಸ್ಪೀಕರಿನಲ್ಲಿ ಕೇಳುತ್ತದೆಂದು ಅವನು ಇಂಜಿನ್ ಬಂದ್ ಮಾಡಿ, ಫೋನ್ ಹಿಡಿದು ರಸ್ತೆಯ ಆಚೆಗೆ ಹೋದ. ಇದ್ದ ಸದ್ದೂ ನಿಂತಿತು. ಅದನ್ನು ತಿಳಿಸಲು ನಾನು ಇವರ ಹೆಗಲು ಮುಟ್ಟಬೇಕೆಂದು ಕೈ ಎತ್ತಿದೆ. ಆಗಲೇ ಅವರ ಮುಖ ಅರಳಿತು. ಕಣ್ಣು ತೆರೆಯಲಿಲ್ಲ, ಎಡಗೈ ಎತ್ತಿ ತಾಳ ಹಾಕುವ ಹಾಗೆ ಬೆರಳು ಆಡಿಸತೊಡಗಿದರು. ಕಟ್ಟಿಗೆ ಬಾಯಿಂದ ತೆಗೆದು ನನ್ನ ಕಡೆ ತಿರುಗಿದಾಗ ಕಣ್ಣು ತುಂಬಿದ್ದವು.

"ಬಂತು," ಎಂದರು. "ಎಂಟೂ ಅದಾವ. ಎಡಗಡೀದು ಮೂರನೇದು ಚೂರು ತಡಾ ಬಡೀತೈತಿ. ನಿನಗೂ ಕೇಳಸಾಕತ್ತೈತೇನು?"

ಫೋನು ನನ್ನ ಕೈಯಲ್ಲೇ ಇತ್ತು. ಬಾಯಲ್ಲಿ ಸುಳ್ಳು ಹೇಳುವುದಾಗಿದ್ದರೆ ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರೇನೋ. ಬರೆಯುವಾಗ ಮುಖ ತಗ್ಗಿಸಿರುತ್ತೇವೆ. ‘ಹೌದು’ ಎಂದು ಒತ್ತಿ ತೋರಿಸಿದೆ.

ತಂಗಿಯ ಮಗ ಮರಳಿ ಬಂದು ಇವರ ಮುಖ ನೋಡಿದ, ನನ್ನ ಮುಖ ನೋಡಿದ. ಸುಮ್ಮನಿರು ಎಂದು ಕಣ್ಸನ್ನೆ ಮಾಡಿದೆ. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಯಾವ ಇಂಜಿನ್ನೇ ಇರಲಿ, ಕೊನೆಗೆ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ಅದರ ಉಸಿರು ನೋಡದೆ ಇವರು ಗಾಡಿ ಬಿಡುವವರಲ್ಲ. ನಲವತ್ತು ವರ್ಷದ ರೂಢಿ. ಗಾಡಿ ಸುತ್ತಿ ಹಿಂದಕ್ಕೆ ನಡೆದರು. ನಾನು ಬುದ್ಧಿಗೆಟ್ಟವಳಂತೆ ಎರಡು ಸಲ ಕೂಗಿದೆ. ಕೇಳಿಸಿದ್ದರೆ ಯಾಕೆ ಈ ಫಜೀತಿ?

ನಾಲ್ಕು ಕೊಳವೆ ಇದ್ದವು. ಒಂದೊಂದಕ್ಕೂ ಅಂಗೈ ಹಿಡಿದರು. ಕೊಳವೆ ಬಿಸಿ ಇದ್ದಿರಬೇಕು, ಗಾಳಿ ಇರಲಿಲ್ಲ. ನಾಲ್ಕನೆಯದರ ಮುಂದೆ ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು. ಎದ್ದು ಬಂದು ತಂಗಿಯ ಮಗನನ್ನು ಕೇಳಿದರು.

"ಯಾವಾಗ ಬಂದ್ ಮಾಡಿದಿ?"

ಅವನು ಸುಳ್ಳು ಬರದವನು. ಐದು ಬೆರಳು ತೋರಿಸಿದ, ಐದು ನಿಮಿಷ ಎಂದು. ಇವರು ನನ್ನನ್ನು ನೋಡಲಿಲ್ಲ. ನನ್ನ ಕೈಯಲ್ಲಿದ್ದ ಫೋನನ್ನು ನೋಡಿದರು. ಅದರ ಮೇಲೆ ‘ಹೌದು’ ಇನ್ನೂ ಹಾಗೇ ಇತ್ತು, ಮೊಮ್ಮಗಳು ಮಾಡಿಕೊಟ್ಟ ದೊಡ್ಡ ಅಕ್ಷರದಲ್ಲಿ.

ಆ ವಾರವೇ ಶೆಡ್ಡಿನ ಕೀಲಿಯನ್ನು ಬಾಜುವಿನ ವೆಲ್ಡಿಂಗಿನವರಿಗೆ ಕೊಟ್ಟರು. ಅದಕ್ಕೆ ನಾನು ಅಳಲಿಲ್ಲ. ವಯಸ್ಸಾಗಿತ್ತು, ಇಂದಲ್ಲ ನಾಳೆ ಕೊಡುವುದೇ ಇತ್ತು. ಅವರು ಬಯ್ದಿದ್ದರೂ ಆಗುತ್ತಿತ್ತು. ಬಯ್ಯಲಿಲ್ಲ. ನಿಮಗೆ ಸಂತೋಷ ಆಗಲಿ ಅಂತ ಹಾಗೆ ಬರೆದೆ ಎಂದು ಒಂದು ದಿನ ಉದ್ದಕ್ಕೆ ಬರೆದು ತೋರಿಸಿದೆ. ಓದಿ ಫೋನು ಮರಳಿ ಕೊಟ್ಟರು. ಅದು ನಿಜವೋ ಸುಳ್ಳೋ ಎಂದು ತಿಳಿಯಲು ಅವರಿಗೆ ದಾರಿಯೇ ಇರಲಿಲ್ಲ. ನಾನು ಬರೆದದ್ದು ಬಿಟ್ಟರೆ ಅವರಿಗೆ ಬೇರೆ ಏನೂ ಕೇಳುವುದಿಲ್ಲ.

ಈಗಲೂ ಬರೆಯುತ್ತೇನೆ, ಆಟದ ಮಾತು ಒಂದೂ ಇಲ್ಲ. ಮಗಳು ಫೋನ್ ಮಾಡಿದ್ದಳು ಎಂದು ಬರೆದರೆ, ನನ್ನ ಕೈಯಿಂದ ಫೋನ್ ತೆಗೆದುಕೊಂಡು ಅವಳ ನಂಬರು ಬಂದಿದೆಯೋ ಎಂದು ನೋಡುತ್ತಾರೆ. ಊಟಕ್ಕೆ ಬನ್ನಿ ಎಂದು ತೋರಿಸಿದರೆ ಅಡುಗೆಮನೆಯವರೆಗೆ ಬಂದು, ಪಾತ್ರೆಯ ಮುಚ್ಚಳ ಎತ್ತಿ, ಒಳಗೆ ಅನ್ನ ಇರುವುದನ್ನು ನೋಡಿ, ಆಮೇಲೆ ಕೈ ತೊಳೆಯಲು ಹೋಗುತ್ತಾರೆ.