ತಾರಸಿಯ ಪಾಚಿ, ಅತ್ತೆಯ ಕಣ

ನಮ್ಮತ್ತೆ ತಾರಸಿಯ ಪಾಚಿಯ ಮೇಲೆ ಜಾರಿ ಬಿದ್ದಾಗ ಅವರ ಮೂಳೆಗೆ ಏನೂ ಆಗಲಿಲ್ಲ. ಹಾಳಾದದ್ದು ನನ್ನ ನೆಮ್ಮದಿ. ಅವರ ಮಗ, ಅಂದರೆ ನನ್ನ ಗಂಡ, ಹೊಸಕೋಟೆಯ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಬಂದವರೇ ತೀರ್ಪು ಕೊಟ್ಟುಬಿಟ್ಟರು.

"ಇನ್ಮೇಲೆ ನೀನು ಮೇಲಕ್ಕೆ ಹತ್ತಂಗಿಲ್ಲ ಕಣವ್ವಾ. ಪಾಚಿ ಪೂರ್ತಿ ಹೋಗೋವರ್ಗೂ ಮೆಟ್ಲು ಹತ್ರಾನೂ ಸುಳೀಬೇಡ."

ತಾರಸಿ ಅತ್ತೆಯ ರಾಜ್ಯ. ತಿಂಡಿ ತಿಂದು ಮೇಲೆ ಹತ್ತಿದರೆ ಹುರುಳಿ ಹರಡುವುದು, ಮೆಣಸಿನಕಾಯಿ ಮಗುಚುವುದು, ಪಕ್ಕದ ತಾರಸಿಯವರ ಜೊತೆ ಊರಿನ ಸಮಾಚಾರವನ್ನೆಲ್ಲ ಜಾಲಾಡುವುದು. ಇಳಿಯುತ್ತಿದ್ದುದು ಊಟಕ್ಕೇ. ಈಗ ಅಷ್ಟೂ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ಕೂತರು. "ಒಗ್ಗರಣೆ ಸೀದಂಗಿದೆ ಅಲ್ವಾ?" "ಮುದ್ದೆ ಗಂಟಾಗ್ತದೆ, ಚೆನ್ನಾಗಿ ತಿರುವಮ್ಮ." "ಅಯ್ಯೋ, ಅಷ್ಟೊಂದು ಹುಣ್ಸೇಹಣ್ಣಾ!" ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

ಆದರೆ ರಾಗಿ ಕೊಯ್ಲು ಹತ್ತಿರ ಬಂದಿತ್ತು. "ಹೊಸ ರಾಗಿ ನಾನು ಒಣಗಿಸ್ದೆ ಇನ್ಯಾರು ಒಣಗಿಸ್ತಾರೆ? ಬದುಕಿದ್ದಂಗೇ ಮೂಲೆಗೆ ಕೂರಿಸ್ಬಿಟ್ಟ" ಎಂದು ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡಾಗ ನನಗೂ ಕರುಳು ಚುರುಕ್ ಎಂದಿತು.

ಸರಿ, ಪಾಚಿ ತೆಗೆಯಲು ನಾನೇ ಸೊಂಟ ಕಟ್ಟಿದೆ. ಬ್ಲೀಚಿಂಗ್ ಪೌಡರ್ ಕಲಸಿ ಸುರಿದು, ನೆನೆಯಲು ಬಿಟ್ಟು, ತಂತಿ ಬ್ರಷ್ಷಿನಲ್ಲಿ ಉಜ್ಜಿದೆ. ಕಟ್ಟಿದ ಸೊಂಟ ಬಿದ್ದೇಹೋಯಿತು. ನೀರು ಹೋಗುವ ತೂತಿಗೆ ಹೊಂಗೆ ಎಲೆ ಸಿಕ್ಕಿಕೊಂಡು ಟ್ಯಾಂಕಿನ ಪಕ್ಕ ನೀರು ನಿಲ್ಲುತ್ತಿತ್ತು, ಅದನ್ನೂ ಬಿಡಿಸಿದೆ. ಗಂಡ ಬರಿಗಾಲಲ್ಲಿ ಸುತ್ತು ಹಾಕಿ, ದೊಡ್ಡ ಇಂಜಿನಿಯರ್ ಹಾಗೆ ತಲೆಯಾಡಿಸಿ ಅಪ್ಪಣೆ ಕೊಟ್ಟರು. "ಹತ್ತವ್ವಾ. ಆದ್ರೆ ಇನ್ನೊಂದ್ಸಲ ಪಾಚಿ ಕಟ್ತೋ, ಮುಗೀತು. ಆಮೇಲೆ ಯಾರು ಹೇಳಿದ್ರೂ ಕೇಳಲ್ಲ."

ಮಾರನೆಯ ಬೆಳಗ್ಗೆ ಬಟ್ಟೆ ಒಣಹಾಕಲು ಹೋಗಿ ನೋಡುತ್ತೇನೆ, ಶಿವನೇ! ಅತ್ತೆ ಇಡೀ ತಾರಸಿಗೆ ಸಗಣಿ ಸಾರಿಸಿ, ಅಂಚಿಗೆ ರಂಗೋಲಿಯನ್ನೂ ಎಳೆದು ನಿಂತಿದ್ದಾರೆ.

"ಅತ್ತೆ! ಏನಿದು?"

"ಕಣ ಕಣಮ್ಮ. ಸಗಣಿ ಸಾರಿಸ್ದೆ ಬರೀ ಸಿಮೆಂಟ್ ಮೇಲೆ ರಾಗಿ ಸುರೀತಾರಾ? ಲಕ್ಷ್ಮಿ ಒಪ್ತಾಳಾ?"

ಲಕ್ಷ್ಮಿ ಒಪ್ಪಿದಳೋ ಏನೋ, ರಾಗಿ ಹೊಲದಿಂದ ಬರುವ ಮೊದಲೇ ಸೈಕ್ಲೋನ್ ಮಳೆ ಹಿಡಿಯಿತು. ಕೊಚ್ಚಿಕೊಂಡು ಹೋದ ಸಗಣಿ ತೂತಿಗೆ ಕೂತಿತು. ಗೊಬ್ಬರವೂ ಉಂಟು, ನೀರೂ ಉಂಟು, ಪಾಚಿಗೆ ಇನ್ನೇನು ಬೇಕು? ಮೋಡ ಸರಿಯುವಷ್ಟರಲ್ಲಿ ತಾರಸಿ ನಾಟಿ ಹಾಕಿದ ಗದ್ದೆಯಂತೆ ಹಸಿರಾಗಿತ್ತು.

ಟ್ಯಾಂಕ್ ನೋಡಲು ಮೇಲೆ ಹೋದ ಗಂಡ ಅಲ್ಲಿಂದಲೇ ಗುಡುಗಿದರು. "ಯಾರೇ ಇಲ್ಲಿ ಸಗಣಿ ಬಳ್ದಿದ್ದು?"

ಅತ್ತೆ ನನ್ನ ಪಕ್ಕದಲ್ಲಿ, ಮೆಟ್ಟಿಲ ಕೆಳಗೆ ನಿಂತಿದ್ದರು. ನನ್ನ ಕೈ ಹಿಡಿದುಕೊಂಡುಬಿಟ್ಟರು. ಪಾಪ ಎನಿಸಿತು. ಸುಳ್ಳೇಕೆ ಹೇಳಲಿ, ಅಡುಗೆಮನೆಯ ಬಾಗಿಲೂ ಕಣ್ಮುಂದೆ ಬಂತು.

"ನಾನೇ ರೀ" ಎಂದೆ. "ರಾಗಿ ಹಾಕ್ಬೇಕಲ್ಲ ಅಂತ ಕಣ ಮಾಡ್ದೆ."

ಗಂಡ ದಡದಡನೆ ಇಳಿದು ಬಂದರು. "ಓದಿರೋಳು ಅಂತ ಹೆಸ್ರು! ಬುದ್ಧಿ ಬೇಡ್ವಾ? ಈ ಸಲ ನಾನೇ ಉಜ್ಜಿ ಕೊಡ್ತೀನಿ. ಆಮೇಲೆ ನೀನು ಮಾತ್ರ ಆ ಕಡೆ ತಲೆ ಹಾಕ್ಬೇಡ ತಾಯಿ. ಮಾಳಿಗೆ ಜವಾಬ್ದಾರಿ ಪೂರ್ತಿ ಅವ್ವಂದು."

ಅತ್ತೆ ಮೆಲ್ಲಗೆ ನನ್ನ ಕೈ ಬಿಟ್ಟರು. ಸೆರಗು ಸರಿ ಮಾಡಿಕೊಂಡರು.

"ಹೋಗ್ಲಿ ಬಿಡಪ್ಪ, ಬೈಬೇಡ" ಎಂದರು. "ಈಗಿನ ಕಾಲದ ಹೆಣ್ಮಕ್ಳಿಗೆ ಇವೆಲ್ಲಾ ಎಲ್ಲಿ ಗೊತ್ತಾಗುತ್ತೆ? ನಾನು ಹೇಳ್ಕೊಡ್ತೀನಿ."