ಓಕ್ ಮರದ ಮಗ

ಗಾಲ್ವೆ ಪೇಟೆಯ ಬಟ್ಟೆ ಅಂಗಡಿಯಲ್ಲಿ ಎಲ್ಲರಿಗೂ ಅವನು ಮಾರ್ಟಿನ್. ಕೆಲಸಕ್ಕೆ ಸೇರಿದ ದಿನವೇ ಯಜಮಾನರು, "ಮ್ಯಾಕ್‌ಡಾರಾ ಅಂದ್ರೆ ಗಿರಾಕಿಗಳ ನಾಲಿಗೆ ಹೊರಳಲ್ಲಪ್ಪ" ಎಂದು ಈ ಹೆಸರು ಕೊಟ್ಟಿದ್ದರು. ಅವನಿಗೂ ಅದೇ ಬೇಕಿತ್ತು. ಮ್ಯಾಕ್‌ಡಾರಾ ಎಂದರೆ ಮೀನಿನ ವಾಸನೆ, ಹರಕು ಇಂಗ್ಲಿಷು, ತನ್ನೂರು ಕಾರ್ನಾದ ಕಲ್ಲುಹೊಲ. ಐದು ವರ್ಷದಲ್ಲಿ ಅವನ ಕತ್ತರಿಯ ಕೈ ಪೇಟೆಗೆಲ್ಲ ಗೊತ್ತಾಯಿತು.

ಒಂದು ಮಧ್ಯಾಹ್ನ ನ್ಯಾಯಾಧೀಶರ ಹೆಂಡತಿಗೆ ಉಣ್ಣೆಬಟ್ಟೆ ಅಳೆದು ಕತ್ತರಿಸುತ್ತಿದ್ದಾಗ ಅಪ್ಪ ಬಾರ್ಟ್ಲಿ ಒಳಗೆ ಬಂದ. ದೋಣಿಯಲ್ಲಿ ಉರುವಲಿನ ಮಣ್ಣುಹೆಂಟೆ ತಂದು ಇಳಿಸಿದವನು. ಮೈತುಂಬ ಅದರದೇ ಧೂಳು.

"ಮ್ಯಾಕ್‌ಡಾರಾ, ಹೇಗಿದ್ದೀಯೋ ಮಗಾ?" ಎಂದ, ತಮ್ಮ ಐರಿಷ್ ಮಾತಿನಲ್ಲಿ.

ಆಕೆ ತಿರುಗಿ ನೋಡಿದಳು. ಮಗ ತಲೆಯೆತ್ತದೆ ಇಂಗ್ಲಿಷಿನಲ್ಲಿ, "ಆ ಹೆಸರಿನವರು ಇಲ್ಲಿಲ್ಲ" ಎಂದ.

ಬಾರ್ಟ್ಲಿ ಟೋಪಿ ತೆಗೆದ. "ತಪ್ಪು ತಿಳ್ಕೋಬೇಡಿ ಸ್ವಾಮಿ. ನಮ್ಮ ಹುಡುಗನ ಥರಾನೇ ಕಂಡ್ರಿ. ವಯಸ್ಸಾಯ್ತು, ಕಣ್ಣು ಮಂಜು."

"ಇಂಥ ಹೆಸರು ಕೇಳಿದ್ದೀಯಾ ಮಾರ್ಟಿನ್?" ಎಂದಳು ಆಕೆ. ಅವನು ಇಲ್ಲವೆಂದು ತಲೆಯಾಡಿಸಿದ. ಆಕೆ ಮುದುಕನನ್ನೇ ಅರ್ಥ ಕೇಳಿದಳು.

"ಓಕ್ ಮರದ ಮಗ ಅಂತ, ತಾಯಿ," ಬಾರ್ಟ್ಲಿ ತಡವರಿಸುತ್ತ ಇಂಗ್ಲಿಷಿನಲ್ಲೇ ಹೇಳಿದ. "ನಮ್ಮ ಕಡಲಿನ ಸಂತರ ಹೆಸ್ರು. ಅವರ ದ್ವೀಪ ದಾಟುವಾಗ ನಮಸ್ಕಾರ ಅಂತ ಮೂರು ಸಲ ಹಾಯಿ ತಗ್ಗಿಸ್ತೀವಿ. ನಮ್ಮೋನು ಹೊಟ್ಟೇಲಿದ್ದಾಗ ನಾನು ಬಿರುಗಾಳಿಗೆ ಸಿಕ್ಕಿದ್ದೆ. ದಡ ಕಾಣಿಸಿದ್ರೆ ಮಗೂಗೆ ನಿಮ್ಮ ಹೆಸ್ರೇ ಇಡ್ತೀನಿ ಅಂತ ಬೇಡ್ಕೊಂಡೆ."

ಮಗನಿಗೆ ಇದು ಗೊತ್ತೇ ಇರಲಿಲ್ಲ. ಊರಲ್ಲಿ ಮನೆಗೊಬ್ಬ ಮ್ಯಾಕ್‌ಡಾರಾ ಇದ್ದಾನೆ, ತಾನೂ ಒಬ್ಬ ಎಂದುಕೊಂಡಿದ್ದ. ಕತ್ತರಿ ಗೆರೆ ಬಿಟ್ಟು ಓಡಿತು.

"ಹುಡುಗ ಒಳ್ಳೆಯವನಾ?" ಎಂದು ಆಕೆ ಮುದುಕನನ್ನು ಕೇಳಿದಳು.

"ಬಂಗಾರದಂಥೋನು," ಎಂದು ಬಾರ್ಟ್ಲಿ ಹೊರಟುಹೋದ.

ಅಂಗಡಿ ಮುಚ್ಚುತ್ತಲೇ ಮಗ ಬಂದರಿಗೆ ಓಡಿದ. ಕಡಲಿಳಿತದ ನೀರಿನೊಂದಿಗೆ ಅಪ್ಪನ ದೋಣಿ ಹೋಗಿಬಿಟ್ಟಿತ್ತು. ಭಾನುವಾರ ಊರಿಗೆ ಹೋದ. ಅಪ್ಪ ಒಲೆಯ ಪಕ್ಕ ಜಾಗ ಬಿಟ್ಟು, "ಬಾ ಮಾರ್ಟಿನ್, ಕೂತ್ಕೋ" ಎಂದ. ದನಿಯಲ್ಲಿ ಕುಟುಕಿರಲಿಲ್ಲ.

"ಅಪ್ಪಾ, ಹಾಗೆ ಕರೀಬೇಡ."

"ಯಾಕೋ? ನಿನ್ನ ಕೆಲ್ಸಕ್ಕೆ ಅದೇ ಅನುಕೂಲ ಅಲ್ವಾ? ನನಗೇ ಹೊಳೀಲಿಲ್ಲ ನೋಡು. ಎಲ್ರ ಮುಂದೆ ಕೂಗಿಬಿಟ್ಟೆ."

ಕ್ಷಮಿಸು ಎನ್ನಲು ಬಂದಿದ್ದವನು ಒಲೆಗೆ ಇನ್ನೊಂದು ಹೆಂಟೆ ಹಾಕಿದ.

ಸೋಮವಾರ ಅವನು ಯಜಮಾನರಿಗೆ ತನ್ನ ಹೆಸರು ಹೇಳಿದ. ಅವರು ಗೊಣಗಿ ಒಪ್ಪಿದರು. ಗಿರಾಕಿಗಳು ಎಡವುತ್ತ ಎಡವುತ್ತ ಕಲಿತರು. ಆ ಹೆಸರು ಕಿವಿಗೆ ಬಿದ್ದ ಮೇಲೆ ನ್ಯಾಯಾಧೀಶರ ಹೆಂಡತಿ ಮತ್ತೆ ಆ ಅಂಗಡಿಗೆ ಬರಲಿಲ್ಲ. ಅಪ್ಪ ಮಾತ್ರ, ಪೇಟೆಯವರು ಯಾರೇ ಎದುರಿಗಿದ್ದರೂ, ಸಾಯುವವರೆಗೂ ಎಚ್ಚರ ತಪ್ಪದೆ ಅವನನ್ನು ಮಾರ್ಟಿನ್ ಎಂದೇ ಕರೆದ.