ಮೂರು ಜನರ ಡಿವಿಜನ್

ಶುಕ್ರವಾರ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ವಿಕ್ಸಮ್ ಹತ್ತಿರದ ನಮ್ಮ ಪಿಸ್ತೂಲು ಕ್ಲಬ್ಬಿನಿಂದ ಇಮೇಲ್ ಬಂತು. ಮುಂದಿನ ಸೀಸನ್ನಿನಿಂದ ಎಲ್ಲ ಡಿವಿಜನ್ನುಗಳಲ್ಲೂ ಪಿಸ್ತೂಲಿಗೆ ಟಾರ್ಚ್ ಕಟ್ಟಿಕೊಳ್ಳಬಹುದಂತೆ. ಹಾಡುಹಗಲಲ್ಲಿ ಆಡುವ ಆಟಕ್ಕೆ ಟಾರ್ಚು! ಅದನ್ನು ಯಾರೂ ಹಚ್ಚುವುದಿಲ್ಲ. ತುದಿ ಭಾರವಾದರೆ ಪಿಸ್ತೂಲು ಕುಪ್ಪಳಿಸುವುದಿಲ್ಲ, ಅಷ್ಟಕ್ಕೇ ಈ ದೀಪ. ನಗುತ್ತ ನಿಂತೆ, ಸಾಸಿವೆ ಸೀದುಹೋಯಿತು.

ನೀವು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ಪೂಜೆಗೆ ಸಜ್ಜಿಗೆ ಮಾಡಿಕೊಂಡು ಈ ಪರದೇಶದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ತೆಪ್ಪಗಿದ್ದ ನಾನು ಭಾನುವಾರಗಳಂದು ಸೊಂಟಕ್ಕೆ ಪಿಸ್ತೂಲು ಕಟ್ಟಿ, ಟೈಮರ್ ಕೂಗಿದೊಡನೆ ಓಡಾಡುತ್ತ ರಟ್ಟಿನ ಗುರಿಗಳಿಗೆ ಹೊಡೆಯುವಂತಾದದ್ದು ಕೇಶವಮೂರ್ತಿ ಅಂಕಲ್ ಅವರಿಂದ. ನಮ್ಮ ಬಡಾವಣೆಯವರೇ, ಮೈಸೂರಿನವರು, ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು.

ಈ ಆಟದಲ್ಲಿ ಪಿಸ್ತೂಲಿನ ಜಾತಿ ನೋಡಿ ಪಂಕ್ತಿ, ಅದೇ ಡಿವಿಜನ್. ಅಂಕಲ್ ಅವರದು ಬಡ ಪಂಕ್ತಿ: ನಳಿಕೆಯ ತುದಿಯಲ್ಲೊಂದು ಸಣ್ಣ ಕಂಬಿ, ಅದನ್ನು ನೋಡಿಯೇ ಗುರಿ ಹಿಡಿಯಬೇಕು. ಒಂದು ಕಾಲಕ್ಕೆ ಕ್ಲಬ್ಬೆಲ್ಲ ಅಲ್ಲೇ ಇತ್ತಂತೆ. ಆಮೇಲೆ ಪಿಸ್ತೂಲಿನ ನೆತ್ತಿಯ ಮೇಲೆ ಪುಟ್ಟ ಗಾಜು ಕೂರಿಸಬಹುದೆಂಬ ನಿಯಮ ಬಂತು. ಗಾಜಿನಲ್ಲೊಂದು ಕೆಂಪು ಚುಕ್ಕೆ. ಚುಕ್ಕೆಯನ್ನು ಗುರಿಯ ಮೇಲಿಟ್ಟರೆ ಮುಗಿಯಿತು. ಒಬ್ಬೊಬ್ಬರೇ ಆ ಡಿವಿಜನ್ನಿಗೆ ಎದ್ದುಹೋದರು. ಕಂಬಿ ನಂಬಿ ಉಳಿದವರು ಅಂಕಲ್ ಮತ್ತು ಅವರ ಗೆಳೆಯ ಡೇಲ್ ಎಂಬ ಮುದುಕ ಪ್ಲಂಬರ್. ಪ್ರತಿ ತಿಂಗಳೂ ಅಂಕಲ್ ಫಸ್ಟ್, ಡೇಲ್ ಸೆಕೆಂಡ್.

ಡಿವಿಜನ್ನಿನಲ್ಲಿ ಮೂವರಾದರೂ ಇಲ್ಲದಿದ್ದರೆ ಸ್ಥಾನ ಕೊಡುವುದಿಲ್ಲವೆಂದು ಕ್ಲಬ್ಬು ಹೇಳಿದ ದಿನ ಅಂಕಲ್ ನಮ್ಮ ಮನೆಗೆ ಬಂದರು.

"ನಿನಗೆ ಹೊಡೆಯೋಕೆ ಬರ್ಬೇಕು ಅಂತೇನಿಲ್ಲಮ್ಮ. ರಿಜಿಸ್ಟರ್ ಮಾಡಿದ್ರೆ ಸಾಕು."

"ಅಕಸ್ಮಾತ್ ಬಂದ್ಬಿಟ್ರೆ?"

"ಬರಲ್ಲ ಬಿಡು."

ಆ ಮಾತಿನ ಹಟಕ್ಕೇ ಕಲಿತೆ. ಮೊದಲು ಸುರಕ್ಷತೆಯ ಪಾಠ, ಆಮೇಲೆ ಎರಡು ಬೇಸಿಗೆಯ ಅಭ್ಯಾಸ. ಮೂರನೆಯವಳು ಎರಡನೆಯವಳಾದೆ, ಅಷ್ಟೇ. ಡೇಲ್ ಬೇಜಾರು ಮಾಡಿಕೊಳ್ಳಲಿಲ್ಲ. ಅಂಕಲ್ ಮಾತ್ರ ಮೊದಲ ಸ್ಥಾನದಿಂದ ಅಲುಗಲಿಲ್ಲ.

ಈ ಬೇಸಿಗೆಯಲ್ಲಿ ಅಲುಗಿದರು. ಸಾಲಾಗಿ ನಿಲ್ಲಿಸಿದ್ದ ಐದು ಉಕ್ಕಿನ ತಟ್ಟೆಗಳಲ್ಲಿ ಒಂದೂ ಸದ್ದು ಮಾಡಲಿಲ್ಲ. ಮ್ಯಾಚ್ ಮುಗಿದ ಮೇಲೆ ಕಾರಿಗೊರಗಿ ಕನ್ನಡಕ ಒರೆಸುತ್ತಲೇ ಇದ್ದರು.

"ತುದಿಯ ಕಂಬಿ ಮೂರು ಕಾಣ್ತವೆ ಕಣಮ್ಮ. ಇಷ್ಟು ದಿನ ನಡುವಿಂದು ನೋಡ್ಕೊಂಡು ಹೊಡೀತಿದ್ದೆ. ಇವತ್ತು ನಡುವಿಂದು ಯಾವುದು ಅಂತಲೇ ಗೊತ್ತಾಗ್ಲಿಲ್ಲ."

"ಕಣ್ಣಿನ ಡಾಕ್ಟ್ರು?"

"ತೋರಿಸ್ದೆ. ಓದೋಕೊಂದು ಕನ್ನಡಕ, ಡ್ರೈವ್ ಮಾಡೋಕೊಂದು. ಕಂಬಿ ಇರೋ ದೂರ ಎರಡರ ಮಧ್ಯೆ ಬೀಳುತ್ತೆ. ಸಾಕು, ಬಿಟ್ಬಿಡ್ತೀನಿ."

"ಕೆಂಪು ಚುಕ್ಕೆ ಹಾಕಿಸ್ಕೊಳ್ಳಿ ಅಂಕಲ್."

"ಅದೇನು ಶೂಟಿಂಗಾ? ವಿಡಿಯೋ ಗೇಮು!"

ನಾನು ಡೇಲ್‌ನ ಬಳಿ ಹೋಗಿ, ಅಂಕಲ್ ಕೈಗೆ ಒಮ್ಮೆ ಚುಕ್ಕೆಯದು ಕೊಡಿಸಲು ಯಾರನ್ನು ಕೇಳುವುದೆಂದು ಪಿಸುಗುಟ್ಟಿದೆ. ಆತ ಕಿವಿಯವರೆಗೂ ಕೆಂಪಾಗಿ, ಟ್ರಕ್ಕಿನ ಸೀಟಿನಡಿಯಿಂದ ಒಂದು ಪೆಟ್ಟಿಗೆ ತೆಗೆದ. ಒಳಗೆ ಕೆಂಪು ಚುಕ್ಕೆಯ ಪಿಸ್ತೂಲು! ಕೊಂಡು ವರ್ಷವಾಗಿತ್ತಂತೆ, ಗೆಳೆಯನನ್ನು ಒಂಟಿ ಮಾಡಲಾಗದೆ ಬಚ್ಚಿಟ್ಟಿದ್ದ.

ಮುಂದಿನ ವಾರ ಅಭ್ಯಾಸದ ದಿನ ಅಂಕಲ್‌ಗೆ ಒಂದು ಸುಳ್ಳು ಹೇಳಿದೆ. "ನಾನೂ ಕೆಂಪು ಡಾಟ್ ತಗೋಬೇಕು ಅಂತಿದೀನಿ. ಡೇಲ್ ಹತ್ರ ಒಂದಿದೆ, ಟ್ರೈ ಮಾಡಿ ಚೆನ್ನಾಗಿಲ್ಲ ಅಂತ ಹೇಳ್ಬಿಡಿ, ದುಡ್ಡು ಉಳಿಯುತ್ತೆ."

ಚೆನ್ನಾಗಿಲ್ಲ ಎನ್ನುವ ಅವಕಾಶವನ್ನು ಅಂಕಲ್ ಎಂದೂ ಬಿಟ್ಟವರಲ್ಲ. ಗೆರೆಯ ಮೇಲೆ ನಿಂತು ಕೈಯೆತ್ತಿದರು. ಟಣ್, ಟಣ್, ಟಣ್, ಟಣ್, ಟಣ್. ಐದೂ ಬಿದ್ದವು.

"ಅಷ್ಟೇನೂ ಚೆನ್ನಾಗಿಲ್ಲ," ಎಂದರು ಅಂಕಲ್, ತಿರುಗದೆ. "ಇನ್ನೊಂದ್ಸಲ ನೋಡಿ ಹೇಳ್ತೀನಿ."

ಡೇಲ್‌ನ ಗುಂಡಿನ ಡಬ್ಬಿ ಖಾಲಿಯಾಗುವವರೆಗೂ ನೋಡುತ್ತಲೇ ಇದ್ದರು.

ಮರುತಿಂಗಳು ಅಂಕಲ್, ಡೇಲ್ ಇಬ್ಬರೂ ಚುಕ್ಕೆಯ ಡಿವಿಜನ್ನಿಗೆ ಎದ್ದುಹೋದರು. ಕಂಬಿಯ ಪಂಕ್ತಿಯಲ್ಲಿ ನಾನೊಬ್ಬಳೇ. ಫಲಿತಾಂಶದಲ್ಲಿ ನನ್ನ ಹೆಸರಿನ ಮುಂದೆ ಸ್ಥಾನವಿಲ್ಲ, ಒಂದು ಗೀಟು. ಅಂಕಲ್ ಹತ್ತೊಂಬತ್ತನೆಯವರಾಗಿ ಬಂದು ಮದುವೆಮನೆಯವರಂತೆ ಎಲ್ಲರ ಕೈ ಕುಲುಕುತ್ತಿದ್ದರು. ಹೊಟ್ಟೆಯುರಿಯಿತು, ಸುಳ್ಳೇಕೆ ಹೇಳಲಿ?

ಮೊನ್ನೆ ಶುಕ್ರವಾರ ಆ ಇಮೇಲ್ ಓದಿದ ಮೇಲೆ ಇನ್ನೊಮ್ಮೆ ಒಗ್ಗರಣೆ ಹಾಕಿ, ಒಲೆ ಆರಿಸಿ, ನಾನೂ ಚುಕ್ಕೆಯ ಡಿವಿಜನ್ನಿಗೆ ಹೆಸರು ಕೊಟ್ಟೆ. ಗುಟ್ಟಾಗಿ ಗಾಜು ಕೂರಿಸಿಕೊಂಡು ತಿಂಗಳಾಗಿತ್ತು. ನಿನ್ನೆ ಸೀಸನ್ನಿನ ಕೊನೆಯ ಮ್ಯಾಚು. ಫಲಿತಾಂಶದ ಹಾಳೆ ಅಂಟಿಸಿದಾಗ ನಾನು ಹದಿನೇಳು, ಅಂಕಲ್ ಹದಿನೆಂಟು. ಅವರು ಹಾಳೆಯನ್ನು ಎರಡೂ ಕನ್ನಡಕ ಬದಲಿಸಿ ಓದಿದರು. ಆಮೇಲೆ ಕ್ಲಬ್ಬಿನವರನ್ನು ಕರೆದು, ನನ್ನ ಪಿಸ್ತೂಲು ನಿಯಮಕ್ಕಿಂತ ಭಾರ ಇದ್ದೀತು, ತೂಕ ಹಾಕಿ ಎಂದರು! ಹಾಕಿದರು. ಮಿತಿಗಿಂತ ಅರ್ಧ ಔನ್ಸ್ ಕಡಿಮೆಯೇ ಇತ್ತು.

ಅಂಕಲ್ ತಕ್ಕಡಿಯನ್ನೇ ಒಂದು ಗಳಿಗೆ ನೋಡಿದರು. ಮತ್ತೆ ನನ್ನ ಕಡೆ ತಿರುಗಿದಾಗ ಮುಖವೆಲ್ಲ ನಗು.

"ಹೀಗೆ ಪೈಪೋಟಿಗೆ ಬಿದ್ದು ಸೋತು ಎಷ್ಟು ವರ್ಷ ಆಗಿತ್ತಮ್ಮ," ಎಂದರು.